ಮುಂಡಪ್ಪನವರಿಗೊಬ್ಬ ಮಾವ ಬೇಕಾಗಿತ್ತು

ದಕ್ಷಿಣ ಕನ್ನಡ ಜಿಲ್ಲೆಯ ಚರಿತ್ರೆಯನ್ನು ಮುಂದೆ ಯಾರಾದರೂ ಕೂಲಂಕಷವಾಗಿ ಬರೆಯುವುದಾದರೆ, ಬಂಟ್ವಾಳ ಪೇಟೆಯ ಹೋಟೆಲ್ ಕಾಂತಿಯ ಬಂಗುಡೆ ಫ್ರೈಗೆ ಅದರಲ್ಲಿ ಪ್ರತ್ಯೇಕ ಅಧ್ಯಾಯ ಕೊಡಬೇಕಾಗುತ್ತದೆ. ಆ ಬಂಗುಡೆಯ ದೆಸೆಯಿಂದ ಮೂರು ತಾಲೂಕುಗಳ ಹಳೆಯ ಕಾಗದಪತ್ರಗಳು ಧೂಳು ಕೊಡವಿಕೊಂಡವು, ಮಾತು ಬಿಟ್ಟಿದ್ದ ಎರಡು ಗುತ್ತಿನ ಮನೆಗಳು ಒಂದೇ ಚಾಪೆಯ ಮೇಲೆ ಕೂತವು. ಬಂಗುಡೆ ಇದಕ್ಕಾಗಿ ವಿಶೇಷವಾಗಿ ಏನೂ ಮಾಡಿರಲಿಲ್ಲ. ಅದು ಮುಂಡಪ್ಪನವರಿಗೆ ರುಚಿಸುತ್ತಿತ್ತು, ಅಷ್ಟೆ.

ಮುಂಡಪ್ಪನವರು ಆ ಹೋಟೆಲಿನ ಮಾಲಿಕರು. ದಿನದ ಮೊದಲ ಬಂಗುಡೆಯನ್ನು ಕಾವಲಿಯಿಂದ ಇಳಿಸಿ ಅವರ ಮುಂದೆ ಇಡಬೇಕು. ಅವರು ಬೆನ್ನಿನ ಕಡೆಯಿಂದ ಒಂದು ತುಂಡು ಮುರಿದು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಸಂಗೀತಗಾರರು ಶ್ರುತಿ ಹಿಡಿಯುವ ಹಾಗೆ ಸ್ವಲ್ಪ ಹೊತ್ತು ಕೂತು, "ಹೂಂ" ಅಂದರೆ ಮಾತ್ರ ಊಟದ ಬೋರ್ಡು ಹೊರಗೆ ಬರುವುದು. ಅರುವತ್ತೊಂದನೆಯ ವಯಸ್ಸಿನಲ್ಲಿ ಇಂಥ ಮನುಷ್ಯನ ತಲೆಯ ಮೇಲೆ ಗಡಿ ಬಂದು ಬಿತ್ತು.

ಗಡಿ ಅಂದರೆ ಗುತ್ತು ಎನ್ನುವ ಹಳೆಯ ದೊಡ್ಡ ಮನೆತನದ ದೈವಗಳ ಎದುರು ಕುಟುಂಬದ ಪರವಾಗಿ ನಿಲ್ಲುವ ಹಿರಿತನ. ತಾಯಿಯ ಕಡೆಯಿಂದ ಲೆಕ್ಕ ಹಿಡಿದರೆ, ಬದುಕಿರುವವರಲ್ಲಿ ಹಿರಿಯ ಗಂಡಸು ಯಾರೋ ಅವನಿಗೆ ಅದು ಸಲ್ಲುತ್ತದೆ. ಮಾವನ ನಂತರ ಅಳಿಯ. ಮಗನಿಗೆ ಅಲ್ಲಿ ಕೆಲಸವಿಲ್ಲ. ಬೆಳ್ತಂಗಡಿಯ ಪಕ್ಕ ಲಾಯಿಲದಲ್ಲಿರುವ ಅಂಬಟೆಗುತ್ತು ಮುಂಡಪ್ಪನವರ ತಾಯಿಯ ಮನೆ. ಅಲ್ಲಿ ಗಡಿ ಖಾಲಿ ಬಿದ್ದು ನಲುವತ್ತು ವರ್ಷವಾಗಿತ್ತು, ಯಾರಿಗೂ ತೊಂದರೆ ಕಂಡಿರಲಿಲ್ಲ. ಹೋದ ವರ್ಷ ಪ್ರಶ್ನೆ ಇಟ್ಟಾಗ ಮಾತ್ರ, ಹುಡುಗರಿಗೆ ದುಬೈ ವೀಸಾ ಆಗದ್ದು, ಹುಡುಗಿಯರಿಗೆ ಸಂಬಂಧ ಕೂಡದ್ದು, ಬಾವಿಯ ಪಂಪು ಮತ್ತೆ ಮತ್ತೆ ಸುಟ್ಟದ್ದು, ಎಲ್ಲದಕ್ಕೂ ಖಾಲಿ ಗಡಿಯೇ ಕಾರಣ ಎಂದು ಜ್ಯೋತಿಷಿಗಳು ಕಂಡುಹಿಡಿದರು.

ಕುಟುಂಬ ಸಮಿತಿಯ ಕಾರ್ಯದರ್ಶಿ ಜತ್ತಪ್ಪ. ಮುಂಡಪ್ಪನವರ ಚಿಕ್ಕಮ್ಮನ ಮಗ. ಅವನೇ ಫೋನು ಮಾಡಿ ಹೇಳಿದ: "ಮುಂಡಪ್ಪಣ್ಣ, ಹಿರಿಯರು ನೀವೇ. ದೊಡ್ಡ ಭಾಗ್ಯ. ಮೀನು, ಮಾಂಸ ಮಾತ್ರ ಬಿಡಬೇಕಾಗ್ತದೆ. ಹೋಟೆಲಿನ ಅನ್ನವೂ ಆಗುದಿಲ್ಲ."

"ನನ್ನದೇ ಹೋಟೆಲು ಮಾರಾಯ."

"ಯಾರದ್ದಾದರೂ ಹೋಟೆಲು ಹೋಟೆಲೇ ಅಲ್ವಾ?"

ಮುಂಡಪ್ಪನವರು ಫೋನನ್ನು ಉಪ್ಪಿನ ಡಬ್ಬದೊಳಗೆ ಇಟ್ಟರು. ಅವರು ಕೂತೇ ಇದ್ದರು, ಆದರೂ ಬಿದ್ದ ಹಾಗೆ ಕಂಡರು.

"ಒಳ್ಳೆಯದೇ ಆಯ್ತು," ಎಂದರು ಹೆಂಡತಿ ಕಾಂತಿ. "ಡಾಕ್ಟರು ಹೇಳಿದ್ರೆ ಕೇಳುದಿಲ್ಲ. ದೈವ ಹೇಳಿದ್ರೆ ಆದರೂ ನಿಮ್ಮ ಬಿ.ಪಿ. ಇಳಿಯಲಿ."

ದೈವದ ಮಾತಿಗೆ ಇಲ್ಲ ಅನ್ನುವ ಧೈರ್ಯ ಮುಂಡಪ್ಪನವರಿಗೂ ಇರಲಿಲ್ಲ. ಉಳಿದ ದಾರಿ ಒಂದೇ. ತನಗಿಂತ ಹಿರಿಯ ಗಂಡಸೊಬ್ಬನನ್ನು ಅದೇ ತಾಯಿಬೇರಿನಲ್ಲಿ ಎಲ್ಲಿಂದಾದರೂ ಅಗೆದು ತೆಗೆಯುವುದು. ಅಜ್ಜನ ಹೆಸರು ಕೇಳಿದರೆ ಆಕಾಶ ನೋಡುತ್ತಿದ್ದ ಮನುಷ್ಯ ಹೀಗೆ ವಂಶಶೋಧಕರಾದರು.

ಮೊದಲು ಅವರು ಜತ್ತಪ್ಪನ ಶಾಲೆಗೆ ಹೋಗಿ ಹಳೆಯ ದಾಖಲೆ ತೆಗೆಸಿದರು, ಅವನೇ ತನಗಿಂತ ದೊಡ್ಡವನು ಎಂದು ಕಂಡುಬಂದರೆ ಸಾಕು ಎಂಬ ಆಸೆಯಿಂದ. ಜತ್ತಪ್ಪ ಹುಟ್ಟಿದ್ದು ಜೂನ್ ಒಂದರಂದು. ಮುಂಡಪ್ಪನವರೂ ಜೂನ್ ಒಂದೇ. ಆ ಕಾಲದ ಹೆಡ್‌ಮಾಸ್ಟರರ ಕೃಪೆಯಿಂದ ಇಡೀ ತರಗತಿ ಜೂನ್ ಒಂದರಂದೇ ಹುಟ್ಟಿತ್ತು. ವರ್ಷ ಮಾತ್ರ ಬೇರೆ, ಅದರಲ್ಲಿಯೂ ಮುಂಡಪ್ಪನವರೇ ಮುಂದೆ.

ಆಮೇಲೆ ನೆನಪಾದದ್ದು ಅಮ್ಮ ಹೇಳುತ್ತಿದ್ದ ಒಂದು ಮಾತು. ಅಜ್ಜಿಗೆ ದುಗ್ಗಮ್ಮ ಎಂಬ ಅಕ್ಕ ಇದ್ದಳಂತೆ, ಮೂಡುಬಿದಿರೆ ಕಡೆಗೆ ಹೋದಳಂತೆ. ಯಾರದೋ ಉತ್ತರಕ್ರಿಯೆಯ ಊಟಕ್ಕೆ ಎಲೆ ಹಾಕುವ ಕ್ರಮ ತಪ್ಪಿತೆಂದು ಎರಡು ಮನೆಗಳಿಗೂ ಮಾತು ನಿಂತಿತಂತೆ. ಆ ದುಗ್ಗಮ್ಮನಿಗೆ ಗಂಡುಮಕ್ಕಳು ಇದ್ದಿರಬೇಕಲ್ಲ?

ಪಕ್ಕದ ಚಪ್ಪಲಿ ಅಂಗಡಿಯ ಹಾಜಬ್ಬನ ಮಗಳು ನಸೀಬಾ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾಳೆ. ಮನೆತನಗಳ ಮೂಲ ಹುಡುಕುವವರ ವಾಟ್ಸಾಪ್ ಬಳಗವೊಂದನ್ನು ನಡೆಸುತ್ತಾಳೆ. ಮುಂಡಪ್ಪನವರು ಅದಕ್ಕೆ ಸೇರಿ, "ದುಗ್ಗಮ್ಮನ ಸಂತತಿ ಎಲ್ಲಿದ್ದರೂ ತಿಳಿಸಿ" ಎಂದು ಬರೆದರು. ಒಬ್ಬರು ಶುಭೋದಯ ಎಂದರು. ಒಬ್ಬರು ತಾವು ಚೌಟ ಅರಸರ ಮನೆತನದವರೆಂದೂ ಅದಕ್ಕೆ ಸಾಕ್ಷಿ ಇದ್ದರೆ ಯಾರಾದರೂ ಕಳಿಸಬೇಕೆಂದೂ ಕೋರಿದರು. ಒಬ್ಬರು ಕರಿಮೆಣಸಿನ ಬಳ್ಳಿಯ ದರ ಹಾಕಿದರು.

"ಅಂಕಲ್, ಇದಕ್ಕೆ ಪೇಪರೇ ಗತಿ," ಎಂದಳು ನಸೀಬಾ. "ನಮ್ಮ ಊರಲ್ಲಿ ಬದುಕಿರುವಾಗ ಯಾರ ಹೆಸರೂ ಪೇಪರಲ್ಲಿ ಬರುದಿಲ್ಲ. ಸತ್ತ ಮೇಲೆ ಫೋಟೋ ಸಮೇತ, ಮಕ್ಕಳು ಮೊಮ್ಮಕ್ಕಳ ಸಮೇತ ಬರ್ತದೆ. ಕಾಲೇಜಿನ ಲೈಬ್ರರಿಯಲ್ಲಿ ಹಳೆಯ ಪತ್ರಿಕೆಗಳು ಉಂಟು."

ಅಂದಿನಿಂದ ಆಕೆ ಲೈಬ್ರರಿಯಲ್ಲಿ ಪುಟಗಳ ಫೋಟೋ ತೆಗೆಯುವುದು, ಮುಂಡಪ್ಪನವರು ಗಲ್ಲಾಪೆಟ್ಟಿಗೆಯ ಮುಂದೆ ಕೂತು ನಿಧನವಾರ್ತೆ ಓದುವುದು. ಗಿರಾಕಿಗಳು ಬಿಲ್ಲು ಕೊಡಲು ಬಂದರೆ ಅವರು ತಲೆಯೆತ್ತಿ, "ಪಾಪ, ಒಳ್ಳೆಯ ಮನುಷ್ಯ," ಅನ್ನುತ್ತಿದ್ದರು. ಕೆಲವರಿಗೆ ಊಟ ಮೈಗೆ ಹಿಡಿಯಲಿಲ್ಲ.

ಕುಟುಂಬದ ಸಭೆ ಆದಿತ್ಯವಾರ ಸಂಜೆ ನಿಗದಿಯಾಯಿತು. ಅಂದು ಹಿರಿಯನ ಹೆಸರು ದೈವದ ಎದುರು ಹೇಳಿಬಿಟ್ಟರೆ ಮತ್ತೆ ತಿದ್ದುವಂತಿಲ್ಲ. ಅದೇ ಆದಿತ್ಯವಾರ ಬೆಳಿಗ್ಗೆ, ಬಹುಶಃ ಕೊನೆಯ ಬಂಗುಡೆ ಎಂಬ ದುಃಖದಲ್ಲಿ ಮುಂಡಪ್ಪನವರು ಬೆನ್ನಿನ ಕಡೆಗೆ ಕೈ ಹಾಕುವಷ್ಟರಲ್ಲಿ ನಸೀಬಾ ಓಡಿ ಬಂದಳು.

"ಸಿಕ್ಕಿತು ಅಂಕಲ್." ಫೋನಿನಲ್ಲಿ ಮಸುಕಾದ ನಾಲ್ಕು ಸಾಲು: ಮೂಡುಬಿದಿರೆ ದುಗ್ಗಮ್ಮ ನಿಧನ. ಮೂಲತಃ ಲಾಯಿಲ ಅಂಬಟೆಗುತ್ತಿನವರು. ಏಕೈಕ ಪುತ್ರ ತುಕ್ರಪ್ಪ ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ.

ಆ ಅಪಾರ ಬಂಧುಬಳಗದಲ್ಲಿ ತಾನೂ ಒಬ್ಬನೆಂದು ತಿಳಿದು ಮುಂಡಪ್ಪನವರು ಬಂಗುಡೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಈ ತುಕ್ರಪ್ಪ ಇದ್ದಾನಾ?"

"ಹೋದ ವರ್ಷದ ಪೇಪರಲ್ಲಿ ತುಕ್ರಪ್ಪ ಅಂತ ಒಬ್ಬರ ನಿಧನ ಉಂಟು," ಎಂದಳು ನಸೀಬಾ.

ಮುಂಡಪ್ಪನವರು ಅಲ್ಲೇ ಅಕ್ಕಿ ಗೋಣಿಯ ಮೇಲೆ ಕೂತುಬಿಟ್ಟರು. ಮುಖ ಹಿಂಡಿದ ತೆಂಗಿನತುರಿಯ ಹಾಗೆ ಬೆಳ್ಳಗಾಗಿತ್ತು.

"ಆದರೆ ಅವರು ಕಕ್ಕಿಂಜೆಯವರು. ನಲುವತ್ತು ವರ್ಷ ಅಂತ ಹಾಕಿದ್ದಾರೆ."

"ಪಾಪ," ಎಂದರು ಮುಂಡಪ್ಪನವರು. ಆ ಶಬ್ದವನ್ನು ಅಷ್ಟು ಸಂತೋಷದಿಂದ ಯಾರೂ ಉಚ್ಚರಿಸಿದ್ದಿಲ್ಲ.

ಹಾಜಬ್ಬ ಅಂಗಡಿಯ ಶಟರು ಎಳೆದು ಕಾರು ತೆಗೆದ. ಸಿದ್ಧಕಟ್ಟೆ ದಾಟುವವರೆಗೂ ಅವನಿಗೆ ಒಂದೇ ಸಂಶಯ.

"ಅಲ್ಲ ಮುಂಡಪ್ಪಣ್ಣ, ಗುರುತಿಲ್ಲದ ಮನುಷ್ಯನನ್ನು ಹುಡುಕಿ ಹೋಗಿ, ನೀನು ನನ್ನ ಮಾವ, ನಾಳೆಯಿಂದ ನೀನು ಮೀನು ತಿನ್ನಬೇಡ ಅಂತ ಹೇಳಿದ್ರೆ ಅವರು ಸುಮ್ಮನೆ ಬಿಡ್ತಾರಾ?"

"ಮೀನಿನ ವಿಷಯ ಆಮೇಲೆ ಹೇಳುವ. ಮೊದಲು ಸಂಬಂಧ ಗಟ್ಟಿಯಾಗಲಿ."

"ನಮ್ಮ ಮನೆಯ ಹುಡುಗ ನಿಝಾರನಿಗೆ ಹೆಣ್ಣು ನೋಡುವಾಗಲೂ ಹೀಗೆಯೇ ಮಾಡಿದ್ರು. ಈಗ ನೋಡಿ, ಅವನ ಅವಸ್ಥೆ."

ಮೂಡುಬಿದಿರೆ ಪೇಟೆಯಲ್ಲಿ ವಿಚಾರಿಸಿದಾಗ, ತುಕ್ರಪ್ಪನವರು ಮೊಣಗಂಟಿನ ಔಷಧಿಗೆಂದು ಸದ್ಯ ಮಗಳ ಮನೆಯಲ್ಲಿದ್ದಾರೆ ಎಂದು ಗೊತ್ತಾಯಿತು. ಅವರು ಜಗಲಿಯಲ್ಲಿ ಕಾಲು ನೀಡಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಎತ್ತರದ, ನೆಟ್ಟನೆಯ ಮುದುಕ. ಕಿವಿಯ ಮೇಲೆ ಬೆಳ್ಳಗಿನ ಕೂದಲು. ಮುಂಡಪ್ಪನವರಿಗೆ ನಮಸ್ಕಾರ ಹೇಳುವಷ್ಟೂ ತಾಳ್ಮೆ ಇರಲಿಲ್ಲ.

"ನಿಮಗೆ ವಯಸ್ಸೆಷ್ಟು?"

ಮುದುಕರು ಎಣ್ಣೆಯ ಕೈ ನಿಲ್ಲಿಸಿದರು. "ಇನ್ಶೂರೆನ್ಸಿನವರಾ?"

"ಅಲ್ಲ ಅಲ್ಲ. ನಾನು ಲಾಯಿಲ ಅಂಬಟೆಗುತ್ತಿನವ. ನಿಮ್ಮ ಅಮ್ಮ ದುಗ್ಗಮ್ಮ, ನನ್ನ ಅಜ್ಜಿಯ ಅಕ್ಕ."

ತುಕ್ರಪ್ಪನವರು ಎಣ್ಣೆಯ ಕೈ ಒರೆಸಿಕೊಂಡರು. ಆಮೇಲೆ ಕೇಳಿದ್ದು ಕೋರ್ಟಿನ ಪಾಟೀಸವಾಲಿನಂತಿತ್ತು. ಅಜ್ಜಿಯ ಹೆಸರೇನು, ಅಮ್ಮ ಎಷ್ಟನೆಯವಳು, ಬರಿ, ಅಂದರೆ ತಾಯಿಯ ಕಡೆಯ ಗೋತ್ರ, ಯಾವುದು. ಒಂದೊಂದಕ್ಕೂ ಮುಂಡಪ್ಪನವರ ಬಳಿ ಕಾಗದ ಇತ್ತು.

"ನನಗೆ ಎಪ್ಪತ್ತೆಂಟು," ಎಂದರು ಕೊನೆಗೆ. ಮುಂಡಪ್ಪನವರು ತಟ್ಟನೆ ಕಾಲು ಮುಟ್ಟಿದರು. ಎಣ್ಣೆ ಅಂಟಿತು.

"ನಿನಗೆಷ್ಟು ಮಗಾ?"

"ಅರುವತ್ತೊಂದು, ಮಾವ."

"ಅಲ್ಲಿ ನಿನಗಿಂತ ಹಿರಿಯರು ಯಾರೂ ಇಲ್ವಾ?"

"ಯಾರೂ ಇಲ್ಲ. ನಾನೇ."

ಮುದುಕರ ಕಣ್ಣು ತುಂಬಿತು. "ನಿನಗೆ ಮೊದಲೇ ಬರಲಿಕ್ಕೆ ಆಗಲಿಲ್ವಾ? ಎಷ್ಟು ಕಡೆ ಕೇಳಿಸಿದೆ ನಾನು. ಅಲ್ಲಿ ಎಲ್ಲ ಗಲ್ಫಿಗೆ ಹೋಗಿದ್ದಾರೆ, ಗಂಡಸರು ಯಾರೂ ಇಲ್ಲ ಅಂತ ಹೇಳಿದ್ರು."

ಸಂಜೆ ಕುಟುಂಬದ ಸಭೆ ಇದೆ, ಬರುವಿರಾ ಎಂದು ಕೇಳುವ ಮೊದಲೇ ಅವರು ಹೆಗಲಿಗೆ ಶಾಲು ಹಾಕಿಕೊಂಡು, "ಈಗಲೇ ಹೋಗುವ," ಎಂದರು. ಇಷ್ಟು ಸುಲಭವಾಗಿ ಬಲೆಗೆ ಬಿದ್ದ ದೊಡ್ಡ ಮೀನನ್ನು ಮುಂಡಪ್ಪನವರು ಜನ್ಮದಲ್ಲಿ ನೋಡಿರಲಿಲ್ಲ.

ವೇಣೂರಿನಲ್ಲಿ ಊಟಕ್ಕೆ ನಿಲ್ಲಿಸಿದರು. ತುಕ್ರಪ್ಪನವರು ಕಾರಿನಿಂದ ಇಳಿಯಲಿಲ್ಲ. ಒಂದು ಎಳನೀರಿನ ಬೊಂಡ ತರಿಸಿ ಕುಡಿದರು.

"ಇಲ್ಲಿ ಒಳ್ಳೆಯ ಮೀನು ಸಿಗ್ತದೆ, ಮಾವ," ಎಂದು ಮುಂಡಪ್ಪನವರು ಮೆಲ್ಲನೆ ನೀರಿನ ಆಳ ನೋಡಿದರು.

"ಮೀನು ಬಿಟ್ಟು ಇಪ್ಪತ್ತು ವರ್ಷ ದಾಟಿತು. ಹೋಟೆಲಿನದ್ದು ಯಾವುದೂ ಮುಟ್ಟುದಿಲ್ಲ."

ಮುಂಡಪ್ಪನವರು ಹಾಜಬ್ಬನನ್ನು ಕಾರಿನ ಹಿಂದಕ್ಕೆ ಎಳೆದುಕೊಂಡು ಹೋದರು. "ಕೇಳಿದೆಯಾ ಹಾಜಬ್ಬ? ಬಿಡಿಸುವ ಕೆಲಸವೂ ಇಲ್ಲ. ದೈವ ಇವರನ್ನು ರೆಡಿ ಮಾಡಿಯೇ ಇಟ್ಟಿತ್ತು." ಇನ್ನು ಹದಿನೈದು ವರ್ಷಕ್ಕೆ ಮೋಸವಿಲ್ಲ ಎಂದು ಅವರು ಲೆಕ್ಕ ಹಾಕಿದರು. ಅಷ್ಟರಲ್ಲಿ ಸಮುದ್ರದಲ್ಲಿ ಮೀನು ಉಳಿಯುತ್ತದೋ ಇಲ್ಲವೋ, ಆಮೇಲಿನ ಮಾತು.

ಅಂಬಟೆಗುತ್ತಿನ ಚಾವಡಿಯಲ್ಲಿ ಎಪ್ಪತ್ತು ಎಂಬತ್ತು ಜನ ಸೇರಿದ್ದರು. ಕಾಂತಿ ಹೆಂಗಸರ ಸಾಲಿನಲ್ಲಿ ಮೊದಲೇ ಬಂದು ಕೂತಿದ್ದರು. ದೈವದ ಕೋಣೆಯ ಬಾಗಿಲು ತೆರೆದಿತ್ತು, ದೀಪ ಉರಿಯುತ್ತಿತ್ತು. ಜತ್ತಪ್ಪ ಮೈಕ್ ಹಿಡಿದು "ನಮ್ಮೆಲ್ಲರ ಹಿರಿಯರಾದ" ಎಂದು ಶುರು ಮಾಡಿದ್ದೇ ಮುಂಡಪ್ಪನವರು ಎದ್ದು ಮೈಕ್ ಕಸಿದುಕೊಂಡರು.

ಆಮೇಲೆ ಅವರು ಮಾತಾಡಿದ ರೀತಿಗೆ ಬೆಳ್ತಂಗಡಿಯ ವಕೀಲರು ತಲೆದೂಗಬೇಕು. ಪೇಪರಿನ ಪುಟ ತೋರಿಸಿದರು. ದುಗ್ಗಮ್ಮ ಅಜ್ಜಿಯ ಸ್ವಂತ ಅಕ್ಕ ಎಂಬುದಕ್ಕೆ ಹಳೆಯ ಪಾಲುಪಟ್ಟಿಯ ನಕಲು ತೋರಿಸಿದರು. ಪಿಂಚಣಿಯ ಕಾರ್ಡಿನಲ್ಲಿ ತುಕ್ರಪ್ಪನವರ ವಯಸ್ಸು ತೋರಿಸಿದರು. ಮೂಲೆಯಲ್ಲಿ ಕೂತಿದ್ದ ಮುದುಕಿಯೊಬ್ಬಳು, "ಹೌದು, ಮೂಗು ನಮ್ಮದೇ," ಎಂದು ಸಾಕ್ಷಿ ನುಡಿದಳು.

"ಇವರು ನನ್ನ ಮಾವ, ನಾನು ಇವರ ಅಳಿಯ," ಎಂದು ಮುಂಡಪ್ಪನವರು ದೈವದ ಕೋಣೆಯ ಕಡೆ ಕೈ ಮುಗಿದು ಹೇಳಿದರು. "ಇದರಲ್ಲಿ ಯಾರಿಗಾದರೂ ಸಂಶಯ ಉಂಟಾ?"

ಯಾರಿಗೂ ಇರಲಿಲ್ಲ. ಜತ್ತಪ್ಪ ಬಾಯಿ ತೆರೆದದ್ದನ್ನು ಮುಚ್ಚಲು ಮರೆತಿದ್ದ.

ತುಕ್ರಪ್ಪನವರು ಮೊಣಗಂಟು ಹಿಡಿದುಕೊಂಡು ಎದ್ದರು. "ಅಳಿಯ ದೈವದ ಎದುರು ಹೇಳಿ ಆಯ್ತು. ಇನ್ನು ನಾನು ಹೇಳ್ತೇನೆ. ನನ್ನ ಅಮ್ಮ ಮದುವೆಯಾಗಿ ಮೂಡುಬಿದಿರೆಗೆ ಹೋದದ್ದಲ್ಲ. ಅಲ್ಲಿನ ನೇರೋಳಡ್ಕ ಗುತ್ತಿನಲ್ಲಿ ಹೆಣ್ಣು ಸಂತತಿ ನಿಂತುಹೋಗಿತ್ತು. ಮನೆ ಮುಂದುವರಿಯಲಿ ಅಂತ ಇಲ್ಲಿಂದ ಅವಳನ್ನು ದತ್ತು ತಕ್ಕೊಂಡದ್ದು. ಇಪ್ಪತ್ತೆರಡು ವರ್ಷದಿಂದ ಆ ಗುತ್ತಿನ ಗಡಿಯಲ್ಲಿ ಇರುವುದು ನಾನು."

ಬೊಂಡ ಯಾಕೆ ಎಂದು ಮುಂಡಪ್ಪನವರಿಗೆ ಆಗ ಹೊಳೆಯಿತು.

"ಹಾಗಾದರೆ ಇಲ್ಲಿಯ ಗಡಿ ಇವರಿಗೆ ಕೂಡುದಿಲ್ಲ," ಎಂದು ಜತ್ತಪ್ಪ ಮೈಕ್ ವಾಪಸು ತೆಗೆದುಕೊಂಡ. "ತಿರುಗಿ ಮುಂಡಪ್ಪಣ್ಣನೇ."

"ಅವನಿಗೂ ಕೂಡುದಿಲ್ಲ," ಎಂದರು ತುಕ್ರಪ್ಪನವರು. "ನನಗೆ ಅಕ್ಕತಂಗಿ ಇಲ್ಲ, ಅಳಿಯಂದಿರಿಲ್ಲ. ಅಲ್ಲಿ ಅಳಿಯ ಇಲ್ಲದೆ ಹೋದರೆ ಇಲ್ಲಿಯ ಹಿರಿಯನನ್ನೇ ಕೊಡಬೇಕು ಅಂತ ದತ್ತು ಕೊಡುವಾಗಲೇ ಮಾತಾದದ್ದು. ನನಗಿನ್ನು ಮೆಟ್ಟಿಲು ಹತ್ತಲಿಕ್ಕೆ ಆಗುದಿಲ್ಲ. ಗಡಿ ಬಿಟ್ಟುಕೊಡ್ತೇನೆ. ಅಳಿಯ ತಾನಾಗಿಯೇ ಹುಡುಕಿಕೊಂಡು ಬಂದ, ಸಾಕ್ಷಿ ಸಮೇತ."

ಮೂಲೆಯ ಮುದುಕಿ, "ಹೌದು, ಆ ಮಾತು ನನ್ನಮ್ಮ ಹೇಳ್ತಿದ್ದಳು," ಎಂದಳು. ಆಕೆಯನ್ನು ಯಾಕಾದರೂ ಕರೆದರೋ ಎಂದು ಮುಂಡಪ್ಪನವರಿಗೆ ಅನ್ನಿಸಿತು.

"ಅಂದರೆ ಇಲ್ಲಿಗೆ ಮತ್ತೆ ಯಾರು?" ಎಂದು ಯಾರೋ ಕೇಳಿದರು. ಎಲ್ಲರೂ ವಯಸ್ಸಿನಲ್ಲಿ ಎರಡನೆಯವನನ್ನು ನೋಡಿದರು. ಜತ್ತಪ್ಪನ ಕೈಯಲ್ಲಿ ಮೈಕ್ ಕಿರ್ರೆಂದಿತು.

"ನಾನಾ? ನನಗೆ ಶುಗರ್ ಉಂಟು. ಮೀನಿಲ್ಲದೆ ಅನ್ನ ಇಳಿಯುದಿಲ್ಲ."

ಮುಂಡಪ್ಪನವರಿಗೆ ಆ ದಿನದಲ್ಲಿ ಸಿಕ್ಕಿದ ಸಮಾಧಾನ ಅದೊಂದೇ. ಅದೂ ಹೆಚ್ಚು ಹೊತ್ತು ಉಳಿಯಲಿಲ್ಲ.

"ಅಂಬಟೆಗುತ್ತಿನ ಗಡಿಯವರು ಮೀನು ಬಿಡಬೇಕು ಅಂತ ಯಾರು ಹೇಳಿದ್ದು?" ತುಕ್ರಪ್ಪನವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ನಾನು ಚಿಕ್ಕವನಿರುವಾಗ ಇಲ್ಲಿನ ಗಡಿಯವರು ದೈವದ ನೇಮೋತ್ಸವದ ಮರುದಿನವೇ ಪೇಟೆಯಿಂದ ಬಂಗುಡೆ ತರಿಸ್ತಿದ್ದರು. ಇಲ್ಲಿ ನೇಮದ ವಾರ ಮಾತ್ರ ವರ್ಜ್ಯ. ಜನ್ಮಪೂರ್ತಿ ಬಿಡಬೇಕಾದ್ದು ನಮ್ಮ ನೇರೋಳಡ್ಕದಲ್ಲಿ."

ಎಂಬತ್ತು ತಲೆಗಳು ಜತ್ತಪ್ಪನ ಕಡೆ ತಿರುಗಿದವು.

"ಎಲ್ಲಾ ಗುತ್ತಿನಲ್ಲೂ ಒಂದೇ ಕ್ರಮ ಅಂತ ಗ್ರಹಿಸಿದೆ," ಎಂದ ಅವನು. ದನಿ ಆಗಲೇ ಸುಧಾರಿಸಿತ್ತು. "ಕುಟುಂಬದ ಇಚ್ಛೆ ಹಾಗಿದ್ದರೆ ನಾನು ಬೇಡ ಅನ್ನುವವನಲ್ಲ."

ಮುಂಡಪ್ಪನವರು ಮೈಕಿಗೆ ಕೈ ಚಾಚಿದರು. ಕಾಗದಗಳ ಕಟ್ಟು ಕೈಜಾರಿ ಚಾವಡಿ ತುಂಬ ಹರಡಿತು. ಕುಟುಂಬದವರು ಒಂದೊಂದನ್ನೇ ಭಕ್ತಿಯಿಂದ ಹೆಕ್ಕಿ, ಒರೆಸಿ, ತುಕ್ರಪ್ಪನವರ ಕೈಗೆ ಕೊಟ್ಟರು. ಅವರು ಅವನ್ನು ಜೋಪಾನವಾಗಿ ಶಾಲಿನೊಳಗೆ ಇಟ್ಟುಕೊಂಡರು.

"ಬಿ.ಪಿ. ನೋಡಿಸುವಾ?" ಎಂದು ಕಾಂತಿ ಹತ್ತಿರ ಬಂದು ಕೇಳಿದರು.

ಹಾಜಬ್ಬ ಮಾತ್ರ ಹೊರಗೆ ಕಾರಿಗೆ ಒರಗಿ ನಿಂತು ಏನಾಯಿತೆಂದು ಕೈಸನ್ನೆಯಲ್ಲಿ ವಿಚಾರಿಸಿದ. ಅವನಿಗೆ ವಿವರಿಸಲು ವೇಣೂರಿನವರೆಗೆ ಹೊತ್ತು ಹಿಡಿಯಿತು, ಯಾಕೆಂದರೆ ತುಕ್ರಪ್ಪನವರನ್ನು ವಾಪಸು ಬಿಡಬೇಕಾಗಿತ್ತು ಮತ್ತು ಅವರು ಹಿಂದಿನ ಸೀಟಿನಿಂದ ನಿಯಮಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ನೀರುಳ್ಳಿ ಬೆಳ್ಳುಳ್ಳಿಗೂ ಅವಕಾಶ ಇರಲಿಲ್ಲ.

ಮುಂದಿನ ತಿಂಗಳು ಮುಂಡಪ್ಪನವರು ಮೂಡುಬಿದಿರೆಯಲ್ಲಿ ಗಡಿ ಹಿಡಿದರು. ಅಂಬಟೆಗುತ್ತಿನ ಗಡಿ ಜತ್ತಪ್ಪನಿಗೆ ಹೋಯಿತು. ಅವನು ಮೀನು ತಿನ್ನುತ್ತಾನೆ.