ಪಿಳ್ಳಮ್ಮನವರ ಮುಖವನ್ನು ಹಿಂದಿರುಗಿಸುವ ಬಗ್ಗೆ

ಮಾನ್ಯ ಉಚಿತ ಚಿತ್ರಯಂತ್ರ ಮಹಾಶಯರೇ,

ದೊಡ್ಡನೆಕ್ಕುಂದಿಯ ಒಂದು ಲೇಡೀಸ್ ಪಿಜಿಯ ಮೂರನೇ ಮಹಡಿಯಿಂದ ಮೊದಲ ಸೆಮಿಸ್ಟರಿನ ವಿದ್ಯಾರ್ಥಿನಿ ನೀಲಾಂಬಿಕಾ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮೊದಲಿಗೆ, ಪತ್ರ ಬರೆಯುತ್ತಿರುವುದಕ್ಕೇ ಕ್ಷಮೆ ಕೋರುತ್ತೇನೆ. ತಮ್ಮಂಥವರಿಗೆ ಯಾರೂ ಪತ್ರ ಬರೆಯುವುದಿಲ್ಲ, ಬೇಕಾದ್ದನ್ನು ಪೆಟ್ಟಿಗೆಯೊಳಗೆ ಟೈಪ್ ಮಾಡಿ ಬಾಣದ ಗುರುತು ಒತ್ತಿದರೆ ಸಾಕು ಎಂದು ನನಗೂ ಗೊತ್ತು. ಹಾಗೆ ಮಾಡಿಯೂ ನೋಡಿದೆ. ನನ್ನ ದೂರನ್ನು ಪೆಟ್ಟಿಗೆಗೆ ಹಾಕಿದ ಕೂಡಲೇ ತಾವು, ಮೇಜಿನ ಮುಂದೆ ಕುಳಿತು ಕಣ್ಣೀರು ಸುರಿಸುತ್ತ ಪತ್ರ ಬರೆಯುತ್ತಿರುವ ಸುಂದರಿಯೊಬ್ಬಳ ಚಿತ್ರವನ್ನು, ಕಿಟಕಿಯಾಚೆಯ ಸೂರ್ಯಾಸ್ತದ ಸಮೇತ ದಯಪಾಲಿಸಿದಿರಿ. ನಮ್ಮ ರೂಮಿನ ಕಿಟಕಿಯಾಚೆ ಇರುವುದು ಪಕ್ಕದ ಪಿಜಿಯ ಕಿಟಕಿ. ಹಾಗಾಗಿ ಬೇರೆ ದಾರಿ ಕಾಣದೆ ಈ ಬಹಿರಂಗ ಪತ್ರ. ನನ್ನ ಅಪ್ಪ ಅಮ್ಮ ಇಬ್ಬರೂ ಪೀಣ್ಯದಲ್ಲಿ ಶಿಫ್ಟಿನ ಕೆಲಸದವರಾದ್ದರಿಂದ ನಾನು ಐದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ ಹಾಸ್ಟೆಲಿನಲ್ಲೇ ಬೆಳೆದವಳು. ಕನ್ನಡ ಅಲ್ಲಲ್ಲಿ ಎಡವಿದರೆ ಮನ್ನಿಸಬೇಕು.

ವಿಷಯಕ್ಕೆ ಬರುತ್ತೇನೆ. ನಮ್ಮ ಪಿಜಿಯ ಓನರ್ ಆಂಟಿ ಸುಬ್ಬಲಕ್ಷ್ಮಮ್ಮನವರು ಇದೇ ಊರಿನ ಹಳೆಯ ಒಕ್ಕಲು ಮನೆತನದವರು. ಈಗ ಪಿಜಿ ನಿಂತಿರುವ ಜಾಗದಲ್ಲಿ ಅವರ ತಾಯಿ ಪಿಳ್ಳಮ್ಮನವರು ಸೊಪ್ಪು ಬೆಳೆದು, ಬುಟ್ಟಿ ಹೊತ್ತು, ವೈಟ್‌ಫೀಲ್ಡಿನ ಬಂಗಲೆಗಳವರೆಗೆ ನಡೆದು ಹೋಗಿ ಮಾರಿ ಬರುತ್ತಿದ್ದರಂತೆ. ಆ ತಾಯಿಗೆ ಗಂಡುಮಕ್ಕಳಿಲ್ಲ. ಆಂಟಿಯ ಗಂಡ ನರಸಪ್ಪ ಅಂಕಲ್ ಮನೆ ಅಳಿಯನಾಗಿ ಬಂದವರು. ಹಾಗಾಗಿ ಮಹಾಲಯ ಅಮಾವಾಸ್ಯೆಯ ದಿನ ಪಿಳ್ಳಮ್ಮನವರಿಗೆ ಎಡೆ ಇಡುವುದು ಮಗಳೇ. ಅವತ್ತು ಗೋಡೆಯ ಮೇಲಿನ ಹಿರಿಯರ ಫೋಟೋಗಳನ್ನೆಲ್ಲ ಇಳಿಸಿ, ಒರೆಸಿ, ಸಾಲಾಗಿ ನಿಲ್ಲಿಸಿ, ಹೂ ಮುಡಿಸಿ, ಒಬ್ಬೊಬ್ಬರ ಮುಂದೆಯೂ ಎಲೆ ಹಾಕಿ ಅವರವರಿಗೆ ಇಷ್ಟವಾದದ್ದನ್ನು ಬಡಿಸುತ್ತಾರಂತೆ. ಪಿಳ್ಳಮ್ಮನವರ ಎಲೆಯ ಹಿಂದೆ ಮಾತ್ರ ಫೋಟೋ ಇಲ್ಲ, ನೀರು ತುಂಬಿದ ಒಂದು ಚೊಂಬು ಇರುತ್ತದಂತೆ. ಫೋಟೋ ತೆಗೆಸಿಕೊಂಡರೆ ಆಯಸ್ಸು ಸವೆಯುತ್ತದೆ ಎಂದು ನಂಬಿದ್ದ ಆ ತಾಯಿ ಕ್ಯಾಮೆರಾ ಕಂಡರೆ ಅಡುಗೆಮನೆ ಸೇರುತ್ತಿದ್ದರಂತೆ. ಮಗಳ ಮದುವೆಯ ಒಂದೇ ಒಂದು ಕಪ್ಪು-ಬಿಳುಪು ಫೋಟೋದಲ್ಲಿ ಅವರ ಬೆನ್ನು ಬಂದಿದೆ, ತುರುಬು ಬಂದಿದೆ, ಮುಖ ಬಂದಿಲ್ಲ.

ಇಂಥ ಮನೆಗೆ ನಾನು 'ಎಐ ಅಂಡ್ ಎಂಎಲ್' ಬ್ರಾಂಚಿನ ವಿದ್ಯಾರ್ಥಿನಿ ಎಂದು ಹೇಳಿಕೊಂಡು ಬಂದದ್ದು ನನ್ನ ಗ್ರಹಚಾರ. "ಕಂಪ್ಯೂಟ್ರಿಗೆ ಹೇಳುದ್ರೆ ಅದೇ ಬರ್ಕೊಡ್ತದಂತಲ್ಲಮ್ಮಾ, ಟೀವೀಲಿ ತೋರ್ಸುದ್ರು. ಅವ್ವ ಎಂಗಿದ್ಲು ಅಂತ ನಾನ್ ಹೇಳ್ತೀನಿ, ನೀನ್ ಅದುಕ್ಕೆ ಹೇಳು. ಈ ಸರ್ತಿ ಅವ್ವನೂ ಎಲ್ರ ಜೊತೆ ಕೂತ್ಕಳ್ಳಿ" ಎಂದರು ಆಂಟಿ. ಎಐ ಎಂದು ಹೆಸರಿಟ್ಟುಕೊಂಡಿರುವ ನಮ್ಮ ಬ್ರಾಂಚಿನಲ್ಲಿ ಇದುವರೆಗೆ ನಡೆದಿರುವುದು ಕೆಮಿಸ್ಟ್ರಿ ಮತ್ತು ಡ್ರಾಯಿಂಗ್ ಬೋರ್ಡಿನ ಮೇಲೆ ಗೆರೆ ಎಳೆಯುವುದು ಮಾತ್ರ ಎಂದು ಹೇಳಲು ಬಾಯಿ ಬರಲಿಲ್ಲ. "ಆಯ್ತು ಆಂಟಿ, ಸಿಂಪಲ್" ಎಂದುಬಿಟ್ಟೆ.

ತಮ್ಮನ್ನು ಆರಿಸಿಕೊಂಡ ಬಗೆಯನ್ನೂ ಇಲ್ಲಿ ನಿವೇದಿಸಬೇಕು, ತಮಗೆ ಹೆಮ್ಮೆಯಾದೀತು. ತಮಗಿಂತ ಮೊದಲು ನೋಡಿದ ಯಂತ್ರವೊಂದು ತಾನು ಸಂಪೂರ್ಣ ಉಚಿತವೆಂದು ಸಾರಿ, ಫೋನ್ ನಂಬರು, ಹುಟ್ಟಿದ ದಿನ, ಮೇಲ್ ಐಡಿ ಎಲ್ಲ ಕೇಳಿ, ಹುಡುಗಿ ನೋಡಲು ಬಂದವರಂತೆ ವಿಚಾರಿಸಿಕೊಂಡು, ಆಮೇಲೆ ಹೇಳುತ್ತೇವೆ ಎಂದು ಎದ್ದುಹೋಯಿತು. ಇನ್ನೊಂದು ನೀನು ರೋಬೋಟ್ ಅಲ್ಲವೆಂದು ಸಾಬೀತುಪಡಿಸು ಎಂದಿತು. ಒಂದು ರೋಬೋಟು ನನ್ನ ಮನುಷ್ಯತ್ವವನ್ನು ಅನುಮಾನಿಸಿದ್ದೂ ಅಲ್ಲದೆ, ಔಟರ್ ರಿಂಗ್ ರೋಡಿನ ಸಿಗ್ನಲ್ಲುಗಳಲ್ಲಿ ನಿಂತು ನಿಂತೇ ಅರ್ಧ ಆಯುಷ್ಯ ಕಳೆಯುವ ನನಗೆ ಟ್ರಾಫಿಕ್ ಸಿಗ್ನಲ್ ಗುರುತಿಸಲು ಬರುವುದಿಲ್ಲ ಎಂದು ಫೇಲ್ ಮಾಡಿತು. ಮತ್ತೊಂದು ಚಿತ್ರವನ್ನೇನೋ ಕೊಟ್ಟಿತು, ಆದರೆ ಹಣೆಯ ಮೇಲೆ ಅಡ್ಡಡ್ಡ ತನ್ನ ಕಂಪನಿಯ ಹೆಸರನ್ನು ವಿಭೂತಿಯಂತೆ ಬಳಿದಿತ್ತು. ಇವರೆಲ್ಲರ ನಡುವೆ ತಾವೊಬ್ಬರೇ ಲಾಗಿನ್ ಕೇಳದೆ, ಮುದ್ರೆ ಒತ್ತದೆ, ಎಷ್ಟು ಬೇಕಾದರೂ ತೆಗೆದುಕೋ ತಾಯಿ ಎಂದು ಅನ್ನಛತ್ರದ ಬಾಗಿಲು ತೆರೆದಂತೆ ತೆರೆದುಕೊಂಡಿರಿ. ಗದಗಿನ ಕಡೆಯವಳಾದ ನನ್ನ ರೂಮ್‌ಮೇಟ್ ಶಿವಗಂಗಾ ಮಾತ್ರ ಮಂಚದ ಮೇಲಿಂದಲೇ, "ಫ್ರೀ ಅಂದ್ರ ಖರೇನ ಫ್ರೀ ಇರ್ತದೇನ ಹುಚ್ಚಿ? ಏನರೆ ತಗೊಂಡ ತಗೋತಾರ ನೋಡ್" ಎಂದಳು. ನಾನು ನಕ್ಕೆ. ನನ್ನ ಹತ್ತಿರ ತಗೊಳ್ಳಲು ಏನಿದೆ ಎಂದುಕೊಂಡೆ.

ಮಹಾಶಯರೇ, ಆಂಟಿ ಹೇಳಿದ್ದನ್ನೆಲ್ಲ ನಾನು ಶ್ರದ್ಧೆಯಿಂದ ಇಂಗ್ಲಿಷಿಗೆ ತಿರುಗಿಸಿ ತಮ್ಮ ಪಾದಕ್ಕೆ ಅರ್ಪಿಸಿದೆ. ಮುದ್ದೆಯ ಬಣ್ಣ. ಎಡಹುಬ್ಬಿನ ಮೇಲೆ ಹಸು ಕೊಂಬು ತಾಗಿಸಿದ ಗಾಯದ ಗುರುತು. ಗಲ್ಲದ ಮೇಲೆ ಹಚ್ಚೆಯ ಚುಕ್ಕಿ. ಮುಂದಿನ ಹಲ್ಲೊಂದು ಓರೆಯಾಗಿದ್ದುದರಿಂದ ನಗುವಾಗ ಸೆರಗು ಬಾಯಿಗೆ ಅಡ್ಡ ಬರುತ್ತಿತ್ತು. ಸಣ್ಣ ವಯಸ್ಸಿಗೇ ಗಂಡ ಹೋದದ್ದರಿಂದ ಹಣೆ ಬರಿದು. ಇಷ್ಟು ಕೇಳಿದ ತಾವು ಮೊದಲು ಕರುಣಿಸಿದ್ದು, ಒಡವೆ ಅಂಗಡಿಯ ಕ್ಯಾಲೆಂಡರಿನಿಂದ ನೇರವಾಗಿ ಎದ್ದು ಬಂದ, ಹಾಲಿನಲ್ಲಿ ತೊಳೆದ ಬಣ್ಣದ ಮಹಾರಾಣಿಯನ್ನು. ನರಸಪ್ಪ ಅಂಕಲ್ ಕನ್ನಡಕ ಏರಿಸಿ ನೋಡಿ, "ಏನೇ, ನಿಮ್ಮವ್ವ ಇಷ್ಟ್ ಬೆಳ್ಳುಗಿದ್ಲಾ? ಮತ್ತ್ ನೀನ್ಯಾಕೆ ಇಂಗಿದೀಯ?" ಎಂದರು. ಬಡವಿ ಎಂದು ತಿದ್ದಿದೆ. ಒಡನೆಯೇ ತಾವು ಒಡವೆಗಳನ್ನು ಜಪ್ತಿ ಮಾಡಿ, ಸೀರೆ ಹರಿದು, ಕೆನ್ನೆಯಲ್ಲಿ ಕಣ್ಣೀರು ಇಟ್ಟು, ಬಿರಿದ ನೆಲದ ಮೇಲೆ ಕೂರಿಸಿದಿರಿ. ಸೊಪ್ಪಿನ ಬುಟ್ಟಿ ಎಂದದ್ದಕ್ಕೆ ಸೂಪರ್ ಮಾರ್ಕೆಟ್ಟಿನ ಹಣ್ಣು ಕೊಟ್ಟಿರಿ. ಗಾಯದ ಗುರುತು ಎಂದದ್ದಕ್ಕೆ ಫೈಟಿಂಗ್ ಸಿನಿಮಾದ ವಿಲನ್ನಿಗೆ ಇರುವಂಥದ್ದನ್ನು ಕಣ್ಣಿನಿಂದ ಕೆನ್ನೆಯವರೆಗೆ ಎಳೆದಿರಿ. ಬಾಯಿಗೆ ಸೆರಗು ಎಂದು ಎಷ್ಟು ಬಾರಿ ಬೇಡಿಕೊಂಡರೂ, ತಮ್ಮ ಲೋಕದಲ್ಲಿ ಹಲ್ಲು ಮುಚ್ಚಿ ನಗುವ ಹೆಂಗಸು ಹುಟ್ಟಿಯೇ ಇಲ್ಲವೆಂಬಂತೆ, ಪ್ರತಿ ಸಲವೂ ಮೂವತ್ತೆರಡು ಹಲ್ಲನ್ನೂ ಬಿಡಿಸಿಯೇ ಬಿಡಿಸಿದಿರಿ. ಆ ಹಲ್ಲುಗಳಾದರೋ ಏನು ನೇರ, ಏನು ಬಿಳುಪು! ಪಿಳ್ಳಮ್ಮನವರ ಕಾಲದಲ್ಲಿ ದೊಡ್ಡನೆಕ್ಕುಂದಿಯಲ್ಲಿ ಡೆಂಟಲ್ ಕ್ಲಿನಿಕ್ ಇತ್ತೆಂಬ ಚಾರಿತ್ರಿಕ ಸತ್ಯವನ್ನು ಹೊರತಂದ ಕೀರ್ತಿ ತಮ್ಮದು.

ಇದರ ಮೇಲೆ ಇನ್ನೊಂದು ಕಷ್ಟ. ಬಂದ ಒಂದು ಚಿತ್ರವನ್ನೂ ಆಂಟಿ ಅಳಿಸಗೊಡಲಿಲ್ಲ. ಹೆಸರು ಹೇಳಿ ಕರೆದ ಮೇಲೆ ಬಂದದ್ದಲ್ಲವೇ, ಯಾವುದರಲ್ಲಿ ಬಂದು ಕೂತಿದ್ದಾಳೋ ಯಾರಿಗೆ ಗೊತ್ತು, ಹಿರಿಯರನ್ನು ಹಾಗೆ ಎಸೆಯಬಾರದು ಎಂದು, ಒಂದೊಂದು ಬಂದಾಗಲೂ ಫೋನಿಗೆ ಕೈ ಮುಗಿದು, "ಇದ್ದಂಗೇ ಐತೆ... ಮೂಗ್ ಮಾತ್ರ ಅಲ್ಲ" ಎಂದೋ, "ಕಣ್ಣು ಅವ್ವುಂದೇಯ, ಮಿಕ್ಕುದ್ದು ಯಾರ್ದೋ" ಎಂದೋ ಹೇಳುತ್ತಿದ್ದರು. ನನ್ನ ಫೋನಿನ ಜಾಗವೆಲ್ಲ ಯಾರ್ಯಾರದೋ ತಾಯಂದಿರಿಂದ ತುಂಬಿ, ಕೆಮಿಸ್ಟ್ರಿ ನೋಟ್ಸಿನ ಪಿಡಿಎಫ್‌ಗಳು ಒಂದೊಂದಾಗಿ ಅವರಿಗೆ ಸೀಟು ಬಿಟ್ಟುಕೊಟ್ಟವು. ಮೊದಲ ಇಂಟರ್ನಲ್ಸಿನಲ್ಲಿ ನನಗೆ ಬಂದ ಅಂಕಗಳನ್ನು ಇಲ್ಲಿ ಪ್ರಸ್ತಾಪಿಸಿ ತಮ್ಮ ಮನಸ್ಸು ನೋಯಿಸಲಾರೆ.

ಕೊನೆಗೆ ಒಂದು ಚಿತ್ರ ಬಂತು. ಬಣ್ಣ ತಕ್ಕಮಟ್ಟಿಗೆ ಸರಿ, ಗುರುತು ಹುಬ್ಬಿನ ಮೇಲೆಯೇ ಇತ್ತು, ಹಲ್ಲು ಯಥಾಪ್ರಕಾರ. ಆದರೆ ಕುಂಕುಮ ಬೇಡವೆಂದು ಸ್ಪಷ್ಟವಾಗಿ ಬರೆದಿದ್ದರೂ ತಾವು ಹಣೆಯ ನಡುವೆ ಕಾಸಗಲ ಇಟ್ಟಿದ್ದಿರಿ. ಆಂಟಿ ಬೈಯುತ್ತಾರೆಂದುಕೊಂಡೆ. ಅವರು ಬೈಯಲಿಲ್ಲ. ಸೆರಗಿನಿಂದ ಸ್ಕ್ರೀನ್ ಒರೆಸಿ, "ಇರ್ಲಿ ಬುಡಮ್ಮಾ. ಬದುಕಿರಗಂಟ ಇಟ್ಕಳಕ್ ಯಾರೂ ಬುಡ್ಲಿಲ್ಲ. ಈಗ್ಲಾರ ಇಟ್ಕಳ್ಳಿ" ಎಂದರು. ತಮ್ಮ ಹಠಮಾರಿತನದಿಂದ ಲೋಕಕ್ಕೆ ಆದ ಒಂದೇ ಒಂದು ಉಪಕಾರವೆಂದು ನಾನು ಇದನ್ನು ಪ್ರಾಮಾಣಿಕವಾಗಿ ದಾಖಲಿಸುತ್ತಿದ್ದೇನೆ. ಅಂಕಲ್ ಅದನ್ನು ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿ, ನಡುಮನೆಯ ಗೋಡೆಗೆ ತೂಗುಹಾಕಿದರು. ಎರಡು ದಿನ ನನಗೆ ರಾಗಿರೊಟ್ಟಿಯ ಸತ್ಕಾರ ನಡೆಯಿತು.

ಮೂರನೆಯ ದಿನ ನಾನು ಕಾಲೇಜಿಗೆ ಹೊರಟಾಗ ಆಂಟಿ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು. ಸೊಪ್ಪು ಮುಂದಿತ್ತು, ಬಿಡಿಸುತ್ತಿರಲಿಲ್ಲ. ನನ್ನನ್ನು ಕಂಡು, "ನೀಲಾ, ಕಣ್ ಮುಚ್ಚುದ್ರೆ ಅವ್ವ ಬತ್ತಿಲ್ಲ ಕಣಮ್ಮಾ" ಎಂದರು. ನಾನು ಬ್ಯಾಗ್ ಇಳಿಸಿ ಪಕ್ಕದಲ್ಲಿ ಕೂತೆ. "ದಿನಾ ಬತ್ತಿದ್ಲು. ಸೊಪ್ಪು ಬುಡ್ಸೋವಾಗ ಕಣ್ ಮುಚ್ಚುದ್ರೆ ಸಾಕು, ಅಲ್ಲೇ ಎದ್ರುಗೆ ಕುಂತಿರ್ತಿದ್ಲು, ಬಾಯಿಗ್ ಸೆರಗ್ ಇಟ್ಕಂಡು. ಈಗ ನಿನ್ ಫೋನೋಳು ಬತ್ತಾಳೆ, ಹಲ್ ಕಿರ್ಕಂಡು. ಅವ್ವುನ್ ಮೂಗು ಎಂಗಿತ್ತು ಅಂತ ನಂಗೇ ಗ್ಯಾನ ಬತ್ತಿಲ್ಲ."

ಮಾನ್ಯರೇ, ಇದರ ಬೆಲೆ ತಮಗೆ ತಿಳಿಯಲಿಕ್ಕಿಲ್ಲ, ನನಗೆ ಸ್ವಲ್ಪ ತಿಳಿಯುತ್ತದೆ. ಹಾಸ್ಟೆಲಿನಲ್ಲಿ ಫೋನ್ ಕೊಡುತ್ತಿರಲಿಲ್ಲ. ಪ್ರೇಯರ್ ಹೊತ್ತಿನಲ್ಲಿ ಎಲ್ಲರೂ ಕಣ್ಣು ಮುಚ್ಚಿದಾಗ ನಾನು ದೇವರ ಬದಲು ಅಮ್ಮನ ಮುಖವನ್ನು ತಂದುಕೊಳ್ಳುತ್ತಿದ್ದೆ. ಒಂದು ದಿನ ಬರುವುದು ತಡವಾದರೆ, ಎಲ್ಲರೂ ಕಣ್ಣು ತೆರೆದ ಮೇಲೂ ನಾನು ಮುಚ್ಚಿಕೊಂಡೇ ನಿಂತಿರುತ್ತಿದ್ದೆ. ಆಂಟಿಗೆ ಅಷ್ಟು ವರ್ಷ ತಪ್ಪದೆ ಬರುತ್ತಿದ್ದ ತಾಯಿಯನ್ನು, ಲಾಗಿನ್ ಇಲ್ಲದೆ, ಮುದ್ರೆ ಇಲ್ಲದೆ, ಪೂರ್ತಿ ಉಚಿತವಾಗಿ ತಾವು ಎತ್ತಿಕೊಂಡು ಹೋದಿರಿ. ಶಿವಗಂಗಾ ಹೇಳಿದ್ದು ನಿಜ. ತಗೊಂಡ ತಗೊಂಡಿರಿ.

ಆದ್ದರಿಂದ ನನ್ನ ಬೇಡಿಕೆ ಬಹಳ ಸಣ್ಣದು. ತಾವು ಹೊಸದೇನನ್ನೂ ಬಿಡಿಸುವುದು ಬೇಡ. ಬಿಡಿಸಿದ್ದನ್ನು ವಾಪಸ್ ತೆಗೆದುಕೊಳ್ಳಿ, ನನ್ನ ಫೋನಿನಿಂದಲ್ಲ, ಸುಬ್ಬಲಕ್ಷ್ಮಮ್ಮನವರ ಕಣ್ಣಿನೊಳಗಿಂದ. ಅದಕ್ಕೆ ಏನು ಪ್ರಾಂಪ್ಟ್ ಬರೆಯಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ. ಸಾಗರದಷ್ಟು ಚಿತ್ರಗಳನ್ನು ಕುಡಿದು ಕಲಿತ ತಮಗೆ ಒಂದು ಮೂಗು ನೆನಪಿಸಿಕೊಡುವುದು ದೊಡ್ಡದೇ? ಅದಾಗದಿದ್ದರೆ ಅಮಾವಾಸ್ಯೆಯ ದಿನ ತಾವೇ ಖುದ್ದಾಗಿ ದಯಮಾಡಿಸಿ. ವೈಟ್‌ಫೀಲ್ಡಿನವರೆಗೂ ಮೆಟ್ರೋ ಇದೆ. ಫೋಟೋ ಇಟ್ಟರೆ ಯಾರಿಗೋ ಎಡೆ ಇಟ್ಟಂತೆ, ಇಡದೆ ಚೊಂಬೇ ಇಟ್ಟರೆ ಕರೆದವಳನ್ನು ಬಾಗಿಲಲ್ಲಿ ನಿಲ್ಲಿಸಿದಂತೆ ಎಂದು ಆಂಟಿ ಒದ್ದಾಡುತ್ತಿದ್ದಾರೆ. ಯಾವುದು ಸರಿಯೆಂದು ತಾವೇ ಅವರ ಮುಂದೆ ಕೂತು ಹೇಳಿ. ಆಮೇಲೆ ತಾರಸಿಯ ಮೇಲೆ ಕಾಗೆಗೆ ಇಟ್ಟ ಎಲೆಯ ಪಕ್ಕ ತಮ್ಮ ಚಿತ್ರವನ್ನೂ ಇಡೋಣ. ಕಾಗೆ ಒಪ್ಪಿದರೆ ನನ್ನ ತಕರಾರಿಲ್ಲ. ಅದು ಕೂಡ ಉಚಿತವಾಗಿಯೇ ಕೆಲಸ ಮಾಡುತ್ತದೆ, ಆದರೆ ಇದುವರೆಗೆ ಯಾರ ತಾಯಿಯನ್ನೂ ಬದಲಾಯಿಸಿದ್ದಿಲ್ಲ.

ತಮ್ಮ ಅಪಾರ ಪ್ರತಿಭೆಯಿಂದ ದಿಗ್ಭ್ರಾಂತಳಾದ,
ತಮ್ಮ ವಿಶ್ವಾಸಿ,
ನೀಲಾಂಬಿಕಾ
ಪ್ರಥಮ ಸೆಮಿಸ್ಟರ್, ಎಐ ಅಂಡ್ ಎಂಎಲ್

ತಾ.ಕ.: ಇದನ್ನು ಮುಗಿಸುವಷ್ಟರಲ್ಲಿ ನಮ್ಮ ಬೀದಿಯ ತಿರುವಿನಲ್ಲಿ ಹೊಸ ಮೆಸ್ಸೊಂದು ತೆರೆದಿದೆ. 'ಅಜ್ಜಿ ಕೈರುಚಿ' ಎಂಬ ಫ್ಲೆಕ್ಸಿನ ಮೇಲೆ ಅದೇ ಕುಂಕುಮ, ಅದೇ ಹಲ್ಲು, ಅದೇ ಹೆಂಗಸು. ಹುಬ್ಬಿನ ಗುರುತೊಂದಿಲ್ಲ, ಕೈಯಲ್ಲಿ ಪನ್ನೀರ್ ಬಟರ್ ಮಸಾಲ ಇದೆ. ಬೇಡಿದವರಿಗೆಲ್ಲ ಒಬ್ಬಳನ್ನೇ ಹಂಚುವ ತಮ್ಮ ಮಿತವ್ಯಯಕ್ಕೆ ನನ್ನ ಅಭಿನಂದನೆಗಳು. ಇವತ್ತು ನನ್ನ ಜೊತೆ ಅಂಗಡಿಗೆ ಬಂದ ಸುಬ್ಬಲಕ್ಷ್ಮಮ್ಮನವರು ಅದರ ಮುಂದೆ ಚೀಲ ಕೆಳಗಿಟ್ಟು, ಚಪ್ಪಲಿ ಬಿಟ್ಟು, ಕೈ ಮುಗಿದರು. ಮುಗಿದ ಮೇಲೆ ನನ್ನ ಕಡೆ ತಿರುಗಿ, "ಯಾರಿಗಮ್ಮಾ ಮುಗುದೆ ನಾನು?" ಎಂದು ಕೇಳಿದರು. ಆ ಪ್ರಶ್ನೆಯನ್ನೂ ತಮಗೇ ಕಳಿಸುತ್ತಿದ್ದೇನೆ. ಅಮಾವಾಸ್ಯೆ ಭಾನುವಾರ. ದಯವಿಟ್ಟು ಬೇಗ ಉತ್ತರ ಕೊಡಿ.