ಬ್ರೀಡಾ ಆಂಟಿಯ ಪಟಕ್ಕೆ ಹಾರ

ಸಿಡ್ನಿಯಿಂದ ದೂರದ ಪಾಯಿಂಟ್ ಕುಕ್ ಬಡಾವಣೆಯಲ್ಲಿ ವಿರುಪಾಕ್ಷನ ಪಕ್ಕದ ಮನೆಯ ಬ್ರೀಡಾ ಆಂಟಿ ಐರಿಶ್ ನಟಿ. ವಯಸ್ಸಾದ ಮೇಲೆ ಪಾರ್ಟು ಸಿಗದೆ ಕುಂಚ ಹಿಡಿದಿದ್ದಳು. ಆಡಿಷನ್‌ಗೆಂದು ಸಿಡ್ನಿಗೆ ಹೊರಡುವಾಗ, ತನ್ನದೇ ಮುಖದ ಚಿತ್ರವೊಂದನ್ನು ಅವನ ಕೈಗಿಟ್ಟಳು.

"ಶನಿವಾರ ಸಂಜೆ ನನ್ನ ಮೊದಲ ಪ್ರದರ್ಶನ. ಎಣ್ಣೆಬಣ್ಣ ಇನ್ನೂ ಹಸಿ, ಒಣಗಲು ವಾರಗಳೇ ಬೇಕು. ಜೋಪಾನವಾಗಿ ಗ್ಯಾಲರಿಗೆ ತಲುಪಿಸು."

ಇಲ್ಲ ಅನ್ನಲು ಬಾರದ ವಿರುಪಾಕ್ಷ ಅದನ್ನು ಗ್ಯಾರೇಜಿನಲ್ಲಿಟ್ಟ. ಶನಿವಾರ ಹಾಲ್‌ಗೆ ತಂದು ಗೋಡೆಗೆ ಒರಗಿಸಿ, ಮನೆಯವರಿಗೆ ಹೇಳುವುದನ್ನು ಮರೆತು ಕಾರು ತೊಳೆಸಲು ಹೋದ. ವಾಪಸು ಬಂದರೆ ಮನೆ ತುಂಬ ಜನ. ಚಿತ್ರಕ್ಕೆ ಚೆಂಡುಹೂವಿನ ಹಾರ, ಮುಂದೆ ದೀಪ, ಹಣೆ ತುಂಬ ವಿಭೂತಿ!

"ಅತ್ತಿಯವರ, ಇದೇನ್ರೀ?"

ಹುಬ್ಬಳ್ಳಿಯಿಂದ ಬಂದಿದ್ದ ಅತ್ತೆ ಬಸಕ್ಕ ಮೂಗು ಒರೆಸಿಕೊಂಡಳು. "ಒಂದ್ ವಾರಾತು ಆಕಿ ಮನಿ ಬಾಗಲಾ ತಗದಿಲ್ಲ. ಇವತ್ ನೋಡಿದ್ರ ಫೋಟೋ ನಮ್ಮನಿಗೆ ಬಂದೈತಿ. ಪಾಪ, ಹಿಂದ ಮುಂದ ಯಾರೂ ಇಲ್ಲ ಆಕಿಗೆ."

"ಆಕಿ ಜೀವಂತ ಅದಾಳ್ರೀ!"

"ಅಯ್ಯೋ, ನಮ್ಮ ಕನ್ನಡದವ್ರ ಗ್ರೂಪಲ್ಲಿ ಹಾಕ್ಬಿಟ್ನಲ್ಲ!" ಎದುರುಮನೆಯ ಶ್ರೀನಾಥ್ ಅಂಕಲ್ ಫೋನು ತಡಕಿದರು. "ಸಿಡ್ನಿಯವ್ರೆಲ್ಲ ಓಂ ಶಾಂತಿ ಅಂತಿದಾರೆ."

ವಿರುಪಾಕ್ಷ ಬಟ್ಟೆ ತಂದು ಒರೆಸಿದ. ಹಸಿ ಬಣ್ಣಕ್ಕೆ ಅಂಟಿದ್ದ ವಿಭೂತಿ ಜಗ್ಗಲಿಲ್ಲ. ಒಂದು ಹುಬ್ಬು ಮಾತ್ರ ಅಳಿಸಿಹೋಯಿತು. ಹೆಂಡತಿ ಸಂಧ್ಯಾರಾಣಿ ಕಾಡಿಗೆ ತಂದು ಹೊಸ ಹುಬ್ಬು ತೀಡುತ್ತಿದ್ದಾಗ, ಸೂಟ್‌ಕೇಸ್ ಹಿಡಿದ ಬ್ರೀಡಾ ಆಂಟಿ ಬಾಗಿಲಲ್ಲಿ ನಿಂತಿದ್ದಳು.

"ಶಿವಶಿವಾ!" ಬಸಕ್ಕ ನಿಂತಲ್ಲೇ ಕುಸಿದಳು.

ವಿರುಪಾಕ್ಷ ತೊದಲುತ್ತ ನಡೆದದ್ದನ್ನೆಲ್ಲ ಹೇಳಿದ. ಆಂಟಿಯ ಕಣ್ಣು ತುಂಬಿತು.

"ಸಿಡ್ನಿಯಲ್ಲಿ ಪಾರ್ಟು ಸಿಗಲಿಲ್ಲ. ಇನ್ನು ನಾನು ಯಾರಿಗೂ ಬೇಡ ಅಂದುಕೊಂಡು ಬಂದೆ. ಇಲ್ಲಿ ನೋಡಿದರೆ ಇಷ್ಟು ಜನ ನನಗಾಗಿ ಅತ್ತಿದ್ದಾರೆ! ಹಾರ ತೆಗೆಯಬೇಡ, ಹೀಗೇ ಒಯ್ಯೋಣ."

ಸಂಜೆ ಗ್ಯಾಲರಿಯಲ್ಲಿ ಜನ ಮುತ್ತಿದ್ದು ಆ ಚಿತ್ರಕ್ಕೇ. ಮುಂದಿನ ಪ್ರದರ್ಶನ ಸಿಡ್ನಿಯಲ್ಲಿ ಎಂದೂ ನಿಶ್ಚಯವಾಯಿತು. ಖುಷಿಯಲ್ಲಿ ಆಂಟಿ ವಿರುಪಾಕ್ಷನನ್ನು ಕೂರಿಸಿ ಅಲ್ಲೇ ಅವನ ಮುಖ ಬರೆದಳು. ಹೋದ ಜೀವ ಬಂದಂತಾಗಿ ಅವನೂ ಹಲ್ಲು ಕಿರಿದ. ಆಕೆ ಅದನ್ನು ಗೋಡೆಗೆ ತೂಗುಹಾಕಿ, ಕೃತಜ್ಞತೆಯಿಂದ ಅದೇ ಹಾರ ತೊಡಿಸಿದಳು. ಶ್ರೀನಾಥ್ ಅಂಕಲ್ ಹೆಮ್ಮೆಯಿಂದ ಫೋಟೋ ತೆಗೆದು ಗ್ರೂಪಿಗೆ ಹಾಕಿದರು.

ಸ್ವಲ್ಪ ಹೊತ್ತಿಗೆ ಸಂಧ್ಯಾರಾಣಿಯ ಫೋನು ಬಡಿದುಕೊಂಡಿತು. ಸಿಡ್ನಿಯ ಬ್ಲ್ಯಾಕ್‌ಟೌನ್‌ನ ಗೆಳೆಯ ಶೇಖರಪ್ಪ, ಬಿಕ್ಕಿ ಬಿಕ್ಕಿ ಅಳುತ್ತಿದ್ದ. ವಿರುಪಾಕ್ಷ ಫೋನು ಕಸಿದುಕೊಂಡ.

"ಲೇ, ನಾನ ಮಾತಾಡಾಕತ್ತೀನಿ!"

ಆ ಕಡೆ ಅಳು ನಿಂತಿತು. ಆಮೇಲೆ ಒಂದು ನಿಟ್ಟುಸಿರು.

"ಹೆಂಡ್ರು ಮಕ್ಳು ಎಲ್ಲಾರಿಗೂ ಫ್ಲೈಟ್ ಬುಕ್ ಮಾಡೀನಲ್ಲೋ! ಇರ್ಲಿ ಬಿಡು, ಹೆಂಗೂ ಬರಾಕತ್ತೀವಿ. ಒಂದ್ ಹದಿನೈದ್ ದಿನ ನಿಮ್ಮನ್ಯಾಗ ಇದ್ದು ಹೋಕ್ಕೀವಿ."