ಒಂದು ಮೀಸೆಯ ಹುಳ

ಮೊದಲು ಹೊಳೆ ನೋಡು, ಆಮೇಲೆ ಹುಳ ಕಟ್ಟು. ನಮ್ಮ ಗುಂಪಿಗೆ ಇದ್ದದ್ದು ಇದೊಂದೇ ನಿಯಮ, ಮಾಡಿದವನು ನಾನು. ನಿಯಮ ಒಂದೇ ಆದರೂ ಅದನ್ನು ಮುರಿಯುವ ದಾರಿಗಳು ವಾರಕ್ಕೊಂದರಂತೆ ಹುಟ್ಟುತ್ತಿದ್ದವು.

ಹುಳ ಅಂದರೆ ನಿಜದ ಹುಳವಲ್ಲ. ಗಾಳಕ್ಕೆ ದಾರ, ಗರಿ, ರೋಮ ಸುತ್ತಿ ಮಾಡುವ ಹುಸಿ ಹುಳ. ಟ್ರೌಟ್ ಎಂಬ ತಣ್ಣೀರಿನ ಮೀನು ಅದನ್ನು ನಿಜವೆಂದು ನಂಬಿ ನುಂಗಬೇಕು. ನಾನು ಓದಿದ್ದು ನೀಲಗಿರಿಯ ಇಂಗ್ಲಿಷ್ ಬೋರ್ಡಿಂಗ್ ಶಾಲೆಯಲ್ಲಿ. ಅಲ್ಲಿನ ವಾರ್ಡನ್ ಭಾನುವಾರಗಳಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಹೀಗೆ ಟ್ರೌಟ್ ಹಿಡಿಯುತ್ತಿದ್ದರು. ನಾವು ದಡದಲ್ಲಿ ಕೈಕಟ್ಟಿ ನೋಡಬೇಕು, ಮಾತಾಡಬಾರದು. ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಿ ತಲೆ ನರೆತ ಮೇಲೂ ಆ ಹೊಳೆ ನನ್ನ ನಿದ್ದೆಯೊಳಗೆ ಹರಿಯುತ್ತಲೇ ಇತ್ತು. ನನ್ನ ಕೈಯಾರೆ ಕಟ್ಟಿದ ಹುಳಕ್ಕೆ ಒಂದು ಟ್ರೌಟ್, ಒಂದೇ ಒಂದು, ಬೀಳಬೇಕು. ತೊಂಬತ್ತರ ದಶಕದ ಕೊನೆಯಲ್ಲಿ ಅದೇ ಹೊಳೆಯಲ್ಲಿ ಒಂದು ದಿನ ಮೀನು ಹಿಡಿಯಲು ಪರವಾನಗಿ ಸಿಕ್ಕಿತು. ಜೊತೆಗೆ ಬರುವವರು ಇಬ್ಬರು: ನಮ್ಮ ಕಾರ್ಖಾನೆಯ ಬಾಯ್ಲರ್ ಫೋರ್‌ಮನ್, ಮತ್ತು ಶಿವಮೊಗ್ಗ ಹೊಸಮನೆಯ ವಕೀಲರು.

ಆ ಹೊಳೆಯಲ್ಲಿ ಹೆಚ್ಚಾಗಿ ಇದ್ದದ್ದು ಕ್ಯಾಡಿಸ್ ಹುಳ. ಎಳೆಯದಾಗಿದ್ದಾಗ ನೀರಿನೊಳಗೆ ಮರಳಿನ ಗೂಡು ಕಟ್ಟಿಕೊಂಡಿರುತ್ತದೆ. ರೆಕ್ಕೆ ಬಂದ ಮೇಲೆ ಕೂತರೆ ಹಂಚಿನ ಮನೆಯ ಸೂರಿನ ಹಾಗೆ ರೆಕ್ಕೆ ಇಳಿಬಿಡುತ್ತದೆ. ಆದರೆ ಅದರಲ್ಲೇ ಕಂದು, ಬೂದಿ, ಹಸಿರು ಎಂದು ನೂರೆಂಟು ಬಗೆ. ಯಾವುದನ್ನು ಕಟ್ಟುವುದು? "ಅಲ್ಲಿಗೆ ಹೋಗಿ, ನೀರು ನೋಡಿ, ಅಲ್ಲೇ ಕೂತು ಕಟ್ಟೋಣ," ಎಂದೆ. ಇಬ್ಬರೂ ತಲೆಯಾಡಿಸಿದರು.

ಫೋರ್‌ಮನ್ನರ ಅಳತೆ

ಮರುವಾರವೇ ಫೋರ್‌ಮನ್ ಮನೆಗೆ ಬಂದು ಟೀಪಾಯಿಯ ಮೇಲೆ ಏನೋ ಇಟ್ಟರು. ಹುಂಜದ ಬಾಲದ ಗರಿ, ಆಡಿನ ರೋಮ, ಅದರ ಮೇಲೆ ಪೈಪಿಗೆ ಸುತ್ತುವ ದಾರ.

"ಇದೇನು?"

"ಕ್ಯಾಡಿಸ್ ಸಾರ್."

"ಕ್ಯಾಡಿಸ್ ಇರೋದು ಕಿರುಬೆರಳಿನ ಉಗುರಿನಷ್ಟು."

"ನೀವು ಯಾವಾಗ್ಲೂ ಸಣ್ಣದಾಗೇ ಯೋಚ್ನೆ ಮಾಡ್ತೀರಿ ಸಾರ್. ಸಣ್ಣ ಹುಳಕ್ಕೆ ಸಣ್ಣ ಮೀನು. ಇದಕ್ಕೆ ಬರೋದನ್ನ ನೋಡಿ."

ಕಾಫಿ ತಂದ ನನ್ನ ಹೆಂಡತಿ ಅದನ್ನು ಕಂಡು ಲೋಟ ಹಿಡಿದುಕೊಂಡೇ ಹಿಂದೆ ಸರಿದಳು. ಆಮೇಲೆ ಧೈರ್ಯ ಮಾಡಿ ಬಗ್ಗಿ ನೋಡಿದಳು.

"ಇದನ್ನ ನೀರಿಗೆ ಬಿಡ್ಬೇಡಿ ಅಣ್ಣ," ಎಂದಳು. "ಇರೋ ಮೀನನ್ನೂ ಇದೇ ತಿಂದುಬಿಡುತ್ತೆ."

ವಕೀಲರ ಜರಿ

ವಕೀಲರ ವಾದ ಬೇರೆ. ಮೀನಿಗೂ ಚಂದ ಅನ್ನುವುದು ಕಾಣುತ್ತದೆ, ಆದ್ದರಿಂದ ಅವರ ಕ್ಯಾಡಿಸ್‌ಗೆ ಚಿನ್ನದ ಹೊಟ್ಟೆ. ನಾನು ಹೊಸಮನೆಗೆ ಹೋದಾಗ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಅರ್ಧ ಮುಚ್ಚಿ, ಬೇರೆ ಯಾವುದೋ ಲೋಕದಲ್ಲಿ ಕೂತಿದ್ದರು.

"ಈ ಬಣ್ಣದ ಹುಳ ಯಾವ ಹೊಳೆಯಲ್ಲೂ ಇಲ್ಲ," ಎಂದೆ.

"ಇಲ್ಲ ಅನ್ನೋದಕ್ಕೆ ಸಾಕ್ಷಿ ಏನು ಮಾರಾಯ್ರೆ?"

ಸಾಕ್ಷಿ ಒಳಗಿನಿಂದ ಬಂತು. ವಕೀಲರ ಹೆಂಡತಿ, ಕೈಯಲ್ಲಿ ಮದುವೆಯ ರೇಷ್ಮೆ ಸೀರೆ. ಅಂಚಿನಲ್ಲಿ ಜರಿ ಇರಬೇಕಾದ ಕಡೆ ಬೋಳು ಗೆರೆ.

"ಇದೇನ್ರೀ ಇದು?"

"ಒಂದೇ ಎಳೆ ಕಣೇ ತಗೊಂಡಿದ್ದು. ಎಳೆದಷ್ಟೂ ಬಂತು."

ಆಕೆ ಸೀರೆಯನ್ನು ನಿಧಾನವಾಗಿ ಮಡಚಿ ನನ್ನ ಕಡೆ ತಿರುಗಿದರು. "ಆ ಮೀನು ಸಿಕ್ಕಿದ್ರೆ ಮನೆಗೆ ಕರ್ಕೊಂಡು ಬನ್ನಿ ಅಣ್ಣ. ರವಿಕೆ ಒಂದು ಉಳಿದಿದೆ, ಅದನ್ನೂ ಕೊಟ್ಟು ಕಳಿಸ್ತೀನಿ."

ನವುಲೆಯ ಪೆಟ್ಟಿಗೆ

ಇಬ್ಬರನ್ನೂ ಸರಿದಾರಿಗೆ ತರಬೇಕೆಂದು ನವುಲೆಯಲ್ಲಿದ್ದ ನಿವೃತ್ತ ಕೀಟಶಾಸ್ತ್ರದ ಮೇಷ್ಟ್ರ ಮನೆಗೆ ಕರೆದೊಯ್ದೆ. ಅವರು ಗಾಜಿನ ಪೆಟ್ಟಿಗೆಯೊಂದನ್ನು ತಂದರು. ಒಳಗೆ ಸೂಜಿ ಚುಚ್ಚಿ ನಿಲ್ಲಿಸಿದ ಕ್ಯಾಡಿಸ್, ತಿಳಿ ಕಂದು ಬಣ್ಣ. ಅದೇ ಹೊಳೆಯದ್ದಂತೆ. ಹೊಳೆಯ ಹುಳವೇ ಎದುರಿಗೆ ಬಂದ ಮೇಲೆ ಹೊಳೆ ನೋಡಿದ ಹಾಗೇ ಆಯಿತು ಎಂದು ಪೆಟ್ಟಿಗೆಯನ್ನು ಮನೆಗೆ ತಂದೆ.

ಆ ಸಂಜೆಗಳು ಇನ್ನೂ ಕಣ್ಣಮುಂದಿವೆ. ಕಾರ್ಖಾನೆಯ ಸೈರನ್ ಆಗಿ, ಸೈಕಲ್ಲುಗಳ ಸದ್ದು ಕರಗಿ, ಟ್ಯೂಬ್‌ಲೈಟಿನ ಸುತ್ತ ಹುಳುಗಳು ತೇಲುತ್ತಿದ್ದವು. ನಾನು ಮೇಜಿನ ಅಂಚಿಗೆ ಬಿಗಿದ, ಇಕ್ಕಳದಂಥ ಪುಟ್ಟ ವೈಸಿಗೆ ಗಾಳ ಸಿಕ್ಕಿಸಿ ಎಳೆಯ ಮೇಲೆ ಎಳೆ ಸುತ್ತುತ್ತಿದ್ದೆ. ಕೆಂಪು ಗಾರೆಯ ನೆಲದ ಮೇಲೆ ನೀರು ಹರಿದಂತೆ, ನನ್ನ ಪಾದ ತಣ್ಣಗಾದಂತೆ ಅನಿಸುತ್ತಿತ್ತು.

ಪೆಟ್ಟಿಗೆಯ ಹುಳಕ್ಕೆ ಬಲಗಡೆಯ ಮೀಸೆ ಮುರಿದಿತ್ತು. ನಾನೂ ಎಡಗಡೆ ಮಾತ್ರ ಇಟ್ಟೆ.

"ಇನ್ನೊಂದು ಇಟ್ಬಿಡಿ ಸಾರ್, ಏನಾಗುತ್ತೆ?" ಎಂದರು ಫೋರ್‌ಮನ್.

"ಇಲ್ಲದ್ದನ್ನು ನಾನು ಇಡುವುದಿಲ್ಲ."

ಪೆಟ್ಟಿಗೆ ಹಿಂದಿರುಗಿಸುವಾಗ ಮೇಷ್ಟ್ರು ನನ್ನ ಕೆಲಸವನ್ನು ಭೂತಗನ್ನಡಿಯಲ್ಲಿ ನೋಡಿ ಮೆಚ್ಚಿದರು. "ಇದ್ದದ್ದು ಇದ್ದ ಹಾಗೇ ಕಟ್ಟಿದೀರಿ. ಹಿಡಿದಾಗ ಮಾತ್ರ ಇದು ಹಸಿರಾಗಿತ್ತು ಅನ್ಸುತ್ತೆ. ಸತ್ತ ಮೇಲೆ ಬಣ್ಣ ಇಳಿದುಹೋಗುತ್ತೆ ನೋಡಿ."

"ಮೊದಲೇ ಹೇಳಬಾರದಿತ್ತೇ?"

"ಸತ್ತಿರೋದನ್ನ ಸತ್ತ ಹಾಗೇ ಕಟ್ತೀರಿ ಅಂತ ನಂಗೇನು ಗೊತ್ತು ಮಾರಾಯ್ರೆ?"

ಅನ್ಸುತ್ತೆ ಎಂಬ ಮಾತಿನ ಮೇಲೆ ಹುಳ ಬದಲಿಸುವವನಲ್ಲ ನಾನು.

ಹೊಳೆ

ವಕೀಲರ ಅಂಬಾಸಿಡರ್ ಬೆಟ್ಟ ಹತ್ತಿ ನಿಂತಾಗ ಮಂಜು ಇನ್ನೂ ನೀರಿನ ಮೇಲೆ ಮಲಗಿತ್ತು. ಹೊಳೆ ಹಾಗೇ ಇತ್ತು. ವಾರ್ಡನ್ ನಿಲ್ಲುತ್ತಿದ್ದ ಕಲ್ಲೂ ಇತ್ತು. ಕೂತು ನೀರು ನೋಡುವ ತಾಳ್ಮೆ ಯಾರಿಗೂ ಇರಲಿಲ್ಲ. ಫೋರ್‌ಮನ್ನರ ಹುಳ ದೊಪ್ಪೆಂದು ಬಿದ್ದು ಆ ಮಡುವಿನ ಮೀನೆಲ್ಲ ದಿಕ್ಕಾಪಾಲಾದವು. ಮೇಲಿನ ಮಡುವಿಗೆ ಹೋದೆವು. ವಕೀಲರ ಚಿನ್ನದ ಹುಳದ ಹತ್ತಿರಕ್ಕೆ ಒಂದು ಮಿಂಚುಳ್ಳಿ ಬಂದು, ನೋಡಿ, ಹೊರಟುಹೋಯಿತು.

ನಾನು ಮೊಣಕಾಲುದ್ದ ನೀರಿಗಿಳಿದೆ. ನನ್ನ ಹುಳ ಸದ್ದಿಲ್ಲದೆ ನೀರಿನ ಮೇಲೆ ಕೂತು ತೇಲತೊಡಗಿತು. ಕಲ್ಲಿನ ಪಕ್ಕದ ನೆರಳು ಕದಲಿತು. ನೆರಳಿಗೆ ಬಾಲ ಬಂತು, ಮೈಮೇಲೆ ಚುಕ್ಕೆ ಬಂದವು. ಟ್ರೌಟ್. ಆತುರವಿಲ್ಲದೆ ಮೇಲೆದ್ದು ಹುಳದ ಕೆಳಗೆ ನಿಂತಿತು.

"ಬಂತು ಸಾರ್," ಫೋರ್‌ಮನ್ ಪಿಸುಗುಟ್ಟಿದರು.

"ಮಾತಾಡಬಾರದು," ಎಂದೆ. ವಾರ್ಡನ್ನರ ದನಿ ನನ್ನ ಗಂಟಲಿನಿಂದ ಬಂದಿತ್ತು.

ಮೀನು ಹುಳದ ಜೊತೆಗೇ ತೇಲುತ್ತ ಅದನ್ನು ಎಡದಿಂದ ನೋಡಿತು, ಬಲದಿಂದ ನೋಡಿತು. ಮೊದಲು ನೋಡುವುದು, ಉಳಿದದ್ದು ಆಮೇಲೆ: ನನ್ನ ನಿಯಮವನ್ನು ಆ ದಿನ ಪಾಲಿಸಿದ್ದು ಅದೊಂದೇ. ಮೂಗಿನ ತುದಿಯಿಂದ ನನ್ನ ಹುಳವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿತು. ಸರಿಸಿ, ಹಿಂದಿನಿಂದ ರೆಕ್ಕೆ ಇಳಿಬಿಟ್ಟು ತೇಲಿಬರುತ್ತಿದ್ದ, ಎರಡೂ ಮೀಸೆ ನೆಟ್ಟಗಿದ್ದ ಹಸಿರು ಕ್ಯಾಡಿಸ್ ಒಂದನ್ನು ನುಂಗಿ, ಕಲ್ಲಿನ ನೆರಳಿಗೆ ಹಿಂದಿರುಗಿತು.